ಹುಳ ಹೊರುವ ಪೆಟ್ಟಿಗೆ

ಜೇನುಹುಳ ಸಾಗಿಸಲು ನಾನು ಮೊದಲು ಮಾಡಿದ ಪೆಟ್ಟಿಗೆಯಿಂದ ಒಂದು ಹುಳವೂ ಹೊರಗೆ ಬರಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ.

ಕುಮಟಾ ಕಡೆಯ ನೆಂಟರು ಒಂದು ತುಡುವೆ ಜೇನಿನ ಕುಟುಂಬ ಕೊಟ್ಟಿದ್ದರು. ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತರಬೇಕು. ಹಲಸಿನ ಹಲಗೆಯಲ್ಲಿ ಸಂದೇ ಇಲ್ಲದಂತೆ ಪೆಟ್ಟಿಗೆ ಹೊಡೆದು, ಪಕ್ಕಕ್ಕೆ ಬೈರಿಗೆಯಿಂದ ಆರು ತೂತು ಕೊರೆದಿದ್ದೆ. ಮಾರ್ಚ್ ಬಿಸಿಲು, ಹೊರಟಿದ್ದು ಬೆಳಿಗ್ಗೆ ಹತ್ತಕ್ಕೆ. ಮನೆಗೆ ಬಂದು ಮುಚ್ಚಳ ತೆಗೆದರೆ ಎರಿಗಳು (ಹುಳಗಳು ಕಟ್ಟಿದ ಮೇಣದ ಹಾಳೆಗಳು) ಕುಸಿದು, ಜೇನುತುಪ್ಪ ತಳಕ್ಕಿಳಿದು, ಹುಳಗಳೆಲ್ಲ ಅದರಲ್ಲಿ ಅಂಟಿ ಸತ್ತಿದ್ದವು. ದೊಡ್ಡಪ್ಪ ಬಗ್ಗಿ ನೋಡಿ, "ತಮಾ, ಪೆಟ್ಟಿಗೆ ಗಟ್ಟಿ ಇದ್ದು. ಗಾಳಿ ಎಲ್ಲಿದ್ದು?" ಅಂದರು.

ಮರಿ ಇರುವ ಎರಿಯನ್ನು ಹುಳಗಳು 34–35 ಡಿಗ್ರಿಯಲ್ಲಿ ಕಾಯ್ದುಕೊಳ್ಳುತ್ತವೆ. ಬಾಗಿಲು ಮುಚ್ಚಿ ಅಲುಗಾಡಿಸಿದರೆ ಗಾಬರಿಬಿದ್ದು ಓಡಾಡಿ, ತಾವೇ ಬಿಸಿ ಏರಿಸುತ್ತವೆ. ಮೇಣ ಪೂರ್ತಿ ಕರಗಲು 60 ಡಿಗ್ರಿ ದಾಟಬೇಕು ನಿಜ. ತುಪ್ಪ ತುಂಬಿದ ಹೊಸ ಎರಿ ಮೆತ್ತಗಾಗಿ ಜಾರಲು ಅಷ್ಟೆಲ್ಲ ಬೇಡ.

ಎರಡನೆಯ ಪೆಟ್ಟಿಗೆ ಐದು ಫ್ರೇಮಿನದು, ಅಂದರೆ ಎರಿ ಕೂರುವ ಐದು ಚೌಕಟ್ಟಿನದು. ಮನೆಯ ಜೇನುಪೆಟ್ಟಿಗೆಯ ಫ್ರೇಮನ್ನೇ ಎದುರಿಗಿಟ್ಟು ಅಳತೆ ತೆಗೆದೆ. ಫ್ರೇಮಿಗೂ ಗೋಡೆಗೂ ನಡುವೆ 8 ಮಿ.ಮೀ. ಬಿಟ್ಟೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಅಲ್ಲೂ ಎರಿ ಕಟ್ಟುತ್ತವೆ, ಕಡಿಮೆಯಾದರೆ ಮೇಣ ಮೆತ್ತುತ್ತವೆ. ಒಳಮೈಗೆ ಕೀಸುಳಿ ಹಾಕಲಿಲ್ಲ, ವಾರ್ನಿಶ್ ಅಂತೂ ಇಲ್ಲವೇ ಇಲ್ಲ. ಮೇಲುಭಾಗ ಪೂರ್ತಿ ಕಿಟಕಿಗೆ ಹೊಡೆಯುವ ಉಕ್ಕಿನ ಸೊಳ್ಳೆ ಜಾಲರಿ. ಅದಕ್ಕೂ ಫ್ರೇಮಿಗೂ ನಡುವೆ ಎರಡಿಂಚು ಖಾಲಿ. ಬಿಸಿಯಾದಾಗ ಹುಳಗಳು ಮೇಲೆ ಬಂದು ಅಲ್ಲಿ ಗೊಂಚಲಾಗುತ್ತವೆ. ಜಾಲರಿಯ ಮೇಲಿನ ಹಲಗೆ ಮುಚ್ಚಳವನ್ನು ನಾಲ್ಕು ಗುಬುಟಿನ ಮೇಲೆ ಎತ್ತಿ ಕೂರಿಸಿದ್ದೇನೆ, ಗಾಳಿ ಆಡಲಿ ಅಂತ.

ತಲೆ ಕೆಡಿಸಿದ್ದು ಘಟ್ಟದ ತಿರುವು. ಬ್ರೇಕ್ ಹಾಕಿದಾಗ ಎರಿಗೆ ಎರಿ ಬಡಿಯದಿರಲು ಫ್ರೇಮುಗಳ ಉದ್ದ ಗಾಡಿ ಹೋಗುವ ದಿಕ್ಕಿಗೇ ಇರಬೇಕು. ಹಾಗಿಟ್ಟರೆ ತಿರುವಿನಲ್ಲಿ ಪಕ್ಕಕ್ಕೆ ತೂಗುತ್ತವೆ! ಕೊನೆಗೆ ಅಡಿಕೆ ದಬ್ಬೆ ಸೀಳಿ ಬೆಣೆ ಮಾಡಿ, ಫ್ರೇಮಿನ ತುದಿಯಲ್ಲಿ ಚಾಚಿರುವ ಕಿವಿಗಳ ನಡುವೆ ಒತ್ತಿದೆ. ಸುತ್ತಿಗೆ ಬೇಡ, ಹೆಬ್ಬೆರಳು ಸಾಕು. ಪೆಟ್ಟಿಗೆಗೆ ಬಡಿದರೆ ಹುಳ ಸುಮ್ಮನಿರುವುದಿಲ್ಲ. ಮರದ ಪೊಟರೆಯಿಂದ ಕತ್ತರಿಸಿ ಫ್ರೇಮಿಗೆ ಬಾಳೆ ನಾರಲ್ಲಿ ಕಟ್ಟಿದ ಎರಿಯಾದರೆ, ಹುಳಗಳು ಅದನ್ನು ಫ್ರೇಮಿಗೆ ಕೂಡಿಸುವವರೆಗೆ ನಾಲ್ಕೈದು ದಿನ ಅಲ್ಲೇ ಬಿಡುತ್ತೇನೆ.

ಈಗ ಹಗಲು ಪ್ರಯಾಣವಿಲ್ಲ. ಮುಸ್ಸಂಜೆ ಎಲ್ಲ ಹುಳ ಒಳಸೇರಿದ ಮೇಲೆ ಬಾಗಿಲಪಟ್ಟಿ ಜಾರಿಸಿ, ರಾತ್ರಿಯೇ ತಂದು, ಜಾಗದಲ್ಲಿಟ್ಟು ಕತ್ತಲಲ್ಲೇ ತೆರೆಯುತ್ತೇನೆ.

ಊರಲ್ಲಿ ಯಾರಿಗೆ ಕುಟುಂಬ ತರಬೇಕಿದ್ದರೂ ಈ ಪೆಟ್ಟಿಗೆಯೇ ಹೋಗುತ್ತದೆ. ಮೊನ್ನೆ ಒಯ್ದವರು ಬರುವಾಗ ಅದರಲ್ಲಿ ಕೋಳಿಮರಿ ತುಂಬಿಕೊಂಡು ಬಂದಿದ್ದಾರೆ. ಬಿಸಿನೀರಲ್ಲಿ ತಿಕ್ಕಿ ಮೂರು ದಿನದಿಂದ ಅಂಗಳದ ಬಿಸಿಲಿಗಿಟ್ಟಿದ್ದೇನೆ, ವಾಸನೆ ಇನ್ನೂ ಹೋಗಿಲ್ಲ.