ಡೇಟಾಬೇಸ್ ಸ್ಲೋ ಆದ್ರೆ ಟ್ಯೂನ್ ಮಾಡೋದಾ, ರೆಡಿಸ್ ಹಾಕೋದಾ?

ಮಂಡ್ಯದ ಬೆಲ್ಲದ ಮಂಡಿಗೋ ಮೈಸೂರಿನ ಲಾಡ್ಜಿಗೋ ಸಾಫ್ಟ್‌ವೇರ್ ಮಾಡ್ಕೊಟ್ಟಿರ್ತೀರ, ವರ್ಷದ ಡೇಟಾ ತುಂಬ್ತಿದ್ದಂಗೆ ರಿಪೋರ್ಟ್ ಒತ್ತಿದ್ರೆ ಸ್ಕ್ರೀನ್ ಸುತ್ತುತ್ತಾನೇ ಇರುತ್ತೆ, ತಕ್ಷಣ ಯಾರೋ ಒಬ್ರು "ರೆಡಿಸ್ ಹಾಕ್ಬುಡಿ ಸಾರ್" ಅಂತಾರೆ. ರೆಡಿಸ್ ಅಂದ್ರೆ ಡೇಟಾನ ಮೆಮೊರಿಲೇ ಇಟ್ಕೊಂಡು ಬೇಗ ಕೊಡೋ ಸಾಫ್ಟ್‌ವೇರ್. ತಡೀರಿ ಸ್ವಲ್ಪ.

ಮೊದ್ಲು ಸ್ಲೋ ಕ್ವೆರಿ ಲಾಗ್, ಅಂದ್ರೆ ನಿಧಾನವಾಗಿ ಓಡೋ ಕ್ವೆರಿಗಳನ್ನ (ಡೇಟಾಬೇಸಿಗೆ ಕೇಳೋ ಪ್ರಶ್ನೆಗಳನ್ನ) ಬರ್ದಿಡೋ ಲಾಗ್, ಆನ್ ಮಾಡಿ. ಮೈಎಸ್‌ಕ್ಯೂಎಲ್‌ನಲ್ಲಿ ಡೀಫಾಲ್ಟಾಗಿ 10 ಸೆಕೆಂಡ್ ದಾಟಿದ್ದು ಮಾತ್ರ ಬೀಳುತ್ತೆ, ಅದನ್ನ 1ಕ್ಕೆ ಇಳ್ಸಿ. ಸಿಕ್ಕಿದ ಕ್ವೆರಿ ಮುಂದೆ ಎಕ್ಸ್‌ಪ್ಲೇನ್ ಹಾಕಿ ಓಡ್ಸಿ, ಡೇಟಾಬೇಸ್ ಹೆಂಗೆ ಹುಡುಕುತ್ತೆ ಅಂತ ಅದು ತೋರ್ಸುತ್ತೆ, ಟೈಪ್ ಕಾಲಮ್ಮಲ್ಲಿ 'ಆಲ್' ಅಂತ ಬಂತಾ, ಇಡೀ ಟೇಬಲ್ ತಡಕಾಡ್ತಿದೆ ಅಂತ. ರೈತರ ಐಡಿ, ತಾರೀಕು ಎರಡೂ ಸೇರ್ಸಿ ಒಂದು ಇಂಡೆಕ್ಸ್ (ಪುಸ್ತಕದ ಹಿಂದಿನ ಪದಸೂಚಿ ಥರ ಬೇಗ ಹುಡುಕೋಕೆ ಇರೋ ಪಟ್ಟಿ) ಹಾಕಿ, ಐಡಿ ಮೊದ್ಲು ತಾರೀಕು ಆಮೇಲೆ, ಉಲ್ಟಾ ಆದ್ರೆ ಒಬ್ಬ ರೈತನ ಲೆಕ್ಕ ಹುಡುಕೋಕೆ ಅಷ್ಟಾಗಿ ಕೆಲ್ಸಕ್ಕೆ ಬರಲ್ಲ. ಹಂಗೇ ತಾರೀಕಿನ ಕಾಲಮ್ಮಿಗೆ 'ಇಯರ್' ಫಂಕ್ಷನ್ ಸುತ್ಬೇಡಿ, ಇಂಡೆಕ್ಸ್ ಇದ್ದೂ ಇಲ್ದಂಗೆ ಆಗುತ್ತೆ, ಈ ದಿನದಿಂದ ಆ ದಿನದವರೆಗೆ ಅಂತ ಬರೀರಿ. ಬಫರ್ ಪೂಲ್, ಅಂದ್ರೆ ಮೈಎಸ್‌ಕ್ಯೂಎಲ್ ತಾನು ಓದಿದ ಡೇಟಾ ಇಟ್ಕೊಳ್ಳೋ ಮೆಮೊರಿ, ಡೀಫಾಲ್ಟ್ 128 ಎಂಬಿ ಕಣ್ರೀ! ಬರೀ ಡೇಟಾಬೇಸಿಗೇ ಇರೋ ಸರ್ವರ್ ಆದ್ರೆ ರ‍್ಯಾಮಲ್ಲಿ ಅರ್ಧಕ್ಕಿಂತ ಜಾಸ್ತಿನೇ ಕೊಡಿ, ಆಗ ರೆಡಿಸ್ ಥರ ಡೇಟಾಬೇಸೂ ಹೆಚ್ಚಾಗಿ ಮೆಮೊರಿಯಿಂದ್ಲೇ ಓದುತ್ತೆ. ಮುಕ್ಕಾಲು ಪಾಲು ಕಂಪ್ಲೇಂಟ್ ಇಲ್ಲೇ ಮುಗಿಯುತ್ತೆ ಅನ್ನೋದು ನನ್ನ ಅನಿಸಿಕೆ.

ರೆಡಿಸ್ ಯಾವಾಗ? ಲಾಗಿನ್ ಸೆಷನ್ನು, ಓಟಿಪಿ, ದಸರಾ ಟೈಮಲ್ಲಿ ರೂಮ್ 10 ನಿಮಿಷ ಹೋಲ್ಡ್ ಮಾಡೋದು, ಇಂಥ ತಾನಾಗೇ ಎಕ್ಸ್‌ಪೈರ್ ಆಗ್ಬೇಕಾದ್ದಕ್ಕೆ. ದುಡ್ಡಿನ ಲೆಕ್ಕ ಮಾತ್ರ ಅಲ್ಲಿಡಬೇಡಿ, ಎಒಎಫ್ (ಪ್ರತಿ ಬದಲಾವಣೆನೂ ಫೈಲಿಗೆ ಬರೆಯೋ ವ್ಯವಸ್ಥೆ) ಆನ್ ಮಾಡಿ 'ಎವ್ರಿಸೆಕ್' (ಸೆಕೆಂಡಿಗೊಮ್ಮೆ ಡಿಸ್ಕಿಗೆ ಉಳ್ಸೋದು) ಇಟ್ರೂ ಕರೆಂಟ್ ಹೋದ್ರೆ ಸುಮಾರು 1 ಸೆಕೆಂಡಿನ ಎಂಟ್ರಿ ಹೋಗ್ಬೋದು. ಮ್ಯಾಕ್ಸ್‌ಮೆಮೊರಿನೂ (ರೆಡಿಸ್ ಎಷ್ಟು ಮೆಮೊರಿ ಬಳಸ್ಬೋದು ಅನ್ನೋ ಮಿತಿ) ಸೆಟ್ ಮಾಡಿ, 64 ಬಿಟ್ ಮಷಿನ್ನಲ್ಲಿ ಡೀಫಾಲ್ಟಾಗಿ ಲಿಮಿಟ್ಟೇ ಇರಲ್ಲ.