ಲೇಖಕರಿಂದ ಕಾಸು ಕೇಳದೆ ಕೀಟಗಳ ಜರ್ನಲ್ ನಡೆಸಿದ್ದು: ನನ್ನ ಅನುಭವ

ಲೇಖಕರ ಹತ್ತಿರ ಪುಟಕ್ಕಿಷ್ಟು ಅಂತ ವಸೂಲಿ ಮಾಡದೆ ಕೀಟಶಾಸ್ತ್ರದ ಜರ್ನಲ್ ನಡೆಸಲು ಆಗುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. "ಎರಡು ಸಂಪುಟ ತರ್ತೀಯ, ಆಮೇಲೆ ನೀನೇ ಬಾಗಿಲು ಹಾಕ್ತೀಯ ನೋಡಪ್ಪ" ಎಂದಿದ್ದರು ಜರ್ನಲ್ ಹೊರತರುವ ನಮ್ಮ ಸಂಘದ ಹಿರಿಯರೊಬ್ಬರು. ನಾನು ವಹಿಸಿಕೊಂಡ ಮೇಲೆ ಈಗ ನಡೆಯುತ್ತಿರುವುದು ಎಂಟನೇ ಸಂಪುಟ. ಓದುವವರಿಗೂ ಪುಕ್ಕಟೆ, ಬರೆಯುವವರಿಗೂ ಪುಕ್ಕಟೆ. ಹೋದ ವರ್ಷ ಅದೇ ಹಿರಿಯರು ತಮ್ಮ ಶಿಷ್ಯನ ಪೇಪರ್ ಕಳಿಸಿಕೊಟ್ಟರು. ನಾನೇನೂ ಮಾತಾಡಲಿಲ್ಲ, ಎರಡು ರಿವ್ಯೂ (ಪರಿಣತರ ಪರಿಶೀಲನೆ) ಮಾಡಿಸಿ ವಾಪಸ್ ಕಳಿಸಿದೆ ಅಷ್ಟೇ.

ಜರ್ನಲ್ ನಡೆಸುವ ಸಾಫ್ಟ್‌ವೇರ್ ಓಜೆಎಸ್ ಹಾಕಿಕೊಳ್ಳುವುದು, ಜರ್ನಲ್ಲಿನ ಗುರುತಿನ ಸಂಖ್ಯೆ ಐಎಸ್‌ಎಸ್‌ಎನ್ ತಗೊಳ್ಳುವುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲು ದುಡ್ಡು ಎಲ್ಲಿ ಸೋರುತ್ತಿತ್ತು ಅಂತ ನೋಡೋಣ. ಸಂಘದ ವರ್ಷದ ಖರ್ಚಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಮುದ್ರಣಕ್ಕೂ ಅಂಚೆಗೂ ಹೋಗುತ್ತಿತ್ತು. ಅದರಲ್ಲೂ ಬಣ್ಣದ ಪ್ಲೇಟ್‌ಗಳದ್ದೇ, ಅಂದರೆ ಕೀಟಗಳ ಚಿತ್ರದ ಪುಟಗಳದ್ದೇ ಜಾಸ್ತಿ. ಹೊಸ ಪ್ರಭೇದದ ಹೆಸರು ಕಾಗದದ ಮೇಲೆ ಅಚ್ಚಾದರೆ ಮಾತ್ರ ಊರ್ಜಿತ ಎನ್ನುವ ಹಳೇ ಭಯ ಎಲ್ಲರಿಗೂ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಆಯೋಗ 2012ರಲ್ಲೇ ನಿಯಮ ತಿದ್ದಿ, ಪಿಡಿಎಫ್‌ನಲ್ಲಿ ಬಂದ ಹೆಸರೂ ನಡೆಯುತ್ತದೆ ಎಂದಿದ್ದರೂ ನಮ್ಮವರು ಅಚ್ಚು ಬಿಡಲು ತಯಾರಿರಲಿಲ್ಲ. ನಾನು ಬಿಡಿಸಿದೆ. ಆ ಒಂದೇ ನಿರ್ಧಾರದಿಂದ ಉಳಿದ ದುಡ್ಡೇ ಮುಂದಿನದ್ದಕ್ಕೆಲ್ಲ ಬಂಡವಾಳ.

ಆದರೆ ಆಯೋಗದ ಷರತ್ತುಗಳನ್ನು ಸುಮ್ನೆ ಓದಿ ಬಿಟ್ಟರೆ ಸಾಲದು. ಪ್ರಕಟಣೆಗೆ ಮೊದಲು ಪ್ರಾಣಿಗಳ ಹೆಸರು ದಾಖಲಿಸುವ ಜೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು. ಆಗಿದೆ ಎನ್ನುವ ಗುರುತು ಪಿಡಿಎಫ್ ಒಳಗೇ ಕಾಣಬೇಕು, ಪ್ರಕಟವಾದ ತಾರೀಖೂ ಒಳಗಿರಬೇಕು. ನೋಂದಣಿಯಲ್ಲಿ ಐಎಸ್‌ಎಸ್‌ಎನ್ ಜೊತೆಗೆ, ಪ್ರಕಾಶಕರಲ್ಲದ ಬೇರೊಂದು ಸಂಸ್ಥೆ ಇದನ್ನು ಕಾಯಂ ಕಾಪಿಡುತ್ತದೆ ಅಂತ ಆ ಸಂಸ್ಥೆಯ ಹೆಸರೂ ಬೇಕು. ಎಷ್ಟೋ ಜನ ಈ ಕೊನೆಯ ಜಾಗ ಖಾಲಿ ಬಿಟ್ಟಿರುತ್ತಾರೆ. ನಾನು ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್‌ನವರು ನಡೆಸುವ ಜೆನೊಡೊ ಎನ್ನುವ ಆನ್‌ಲೈನ್ ಭಂಡಾರದ ಹೆಸರು ಕೊಟ್ಟಿದ್ದೇನೆ. ಅದಕ್ಕೆ ಕಾಸಿಲ್ಲ.

ಡಿಒಐ, ಅಂದರೆ ಪ್ರತಿ ಪೇಪರ್‌ಗೂ ಕೊಡುವ ಕಾಯಂ ಗುರುತಿನ ನಂಬರ್, ಅದರ ಖರ್ಚಿನ ಬಗ್ಗೆಯೂ ಹೆದರಿಸುವವರಿದ್ದಾರೆ. ಆ ನಂಬರ್ ಕೊಡುವ ಕ್ರಾಸ್‌ರೆಫ್ ಸಂಸ್ಥೆಯ ಸದಸ್ಯತ್ವ ವರ್ಷಕ್ಕೊಮ್ಮೆ ಕಟ್ಟಬೇಕು, ನಿಜ. ಅದು ಬಿಟ್ಟರೆ ನಾನು ಕಟ್ಟಿದಾಗ ಹೊಸ ಪೇಪರ್‌ಗೆ ಒಂದು ಡಾಲರ್, ಹಳೆಯದಕ್ಕೆ 15 ಸೆಂಟ್. ಹಳೇ ಸಂಪುಟಗಳ ಸುಮಾರು 600 ಪೇಪರ್‌ಗಳಿಗೆ ನಂಬರ್ ಕೊಡಿಸಲು 90 ಡಾಲರ್ ಆಸುಪಾಸು ಆಗಿರಬೇಕು. ಅದಕ್ಕಿಂತ ಹೆಚ್ಚು ಖರ್ಚಾಗಿದ್ದು ಅವುಗಳನ್ನು ಸ್ಕ್ಯಾನ್ ಮಾಡಿಸಲು.

ದುಡ್ಡು ನಿಜವಾಗಿ ನೀರಿಗೆ ಹೋಗಿದ್ದು ಡಿಟಿಪಿಯಲ್ಲಿ. ಹೊರಗಿನವರೊಬ್ಬರಿಗೆ ಪುಟ ಜೋಡಿಸಲು ಕೊಟ್ಟಿದ್ದೆವು. ಕೆಲಸ ಚೊಕ್ಕವಾಗೇ ಕಾಣುತ್ತಿತ್ತು. ಪ್ರೂಫ್ ನೋಡಿದರೆ ಅರ್ಧ ಕಡೆ ಪ್ರಭೇದಗಳ ಹೆಸರಿನ ಇಟಾಲಿಕ್ ಮಾಯ. ಅದಾದರೂ ತಿದ್ದಬಹುದು. ಗಂಡು ಹೆಣ್ಣಿನ ಚಿಹ್ನೆಗಳೆಲ್ಲ ಖಾಲಿ ಚೌಕಗಳಾಗಿದ್ದವು! ಪ್ಯಾರಾಟೈಪ್ (ಮುಖ್ಯ ಮಾದರಿ ಬಿಟ್ಟು ಉಳಿದ ಮಾದರಿಗಳ) ಪಟ್ಟಿಯಲ್ಲಿ "3 ಚೌಕ, 2 ಚೌಕ" ಅಂತಿದ್ದರೆ ಯಾವುದು ಗಂಡು ಯಾವುದು ಹೆಣ್ಣು? ಕಣಜ ಹುಳುವಿನ ಪೇಪರ್ ಅದು, ಗಂಡಿನ ಲಕ್ಷಣದ ಮೇಲೇ ಇಡೀ ವಾದ ನಿಂತಿತ್ತು. ಎರಡು ಸಲ ತಿದ್ದಿಸಿದೆವು, ಎರಡು ಸಲವೂ ಬಿಲ್ ಬಂತು. ಆಮೇಲೆ ನಾನೇ ಒಂದು ಟೆಂಪ್ಲೇಟ್ ಮಾಡಿದೆ. ಲೇಖಕರು ಅದರಲ್ಲೇ ಬರೆದು ಕೊಡಬೇಕು. ಮೊದಮೊದಲು ಗೊಣಗಿದರು, ಈಗ ಅಭ್ಯಾಸ ಆಗಿದೆ. ಒಂದೇ ಫೈಲ್‌ನಿಂದ ಕಂಪ್ಯೂಟರ್ ಓದುವ ಎಕ್ಸ್‌ಎಂಎಲ್ಲೂ ಬರುತ್ತದೆ, ಪಿಡಿಎಫ್ಫೂ ಬರುತ್ತದೆ.

ಇನ್ನು ಅಸಲು ವಿಷಯ. ಪೇಪರ್ ಬಂದ ಕೂಡಲೇ ನಾನು ಓದುವುದಿಲ್ಲ. ರಿವ್ಯೂಗೂ ಕಳಿಸುವುದಿಲ್ಲ. ಮೊದಲು ಪ್ಲೇಟ್ ತೆರೆಯುತ್ತೇನೆ. ಜರ್ನಲ್ ಉಳಿದದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಒಂದು ಉದಾಹರಣೆ. ಸಗಣಿ ದುಂಬಿಯ ಹೊಸ ಪ್ರಭೇದ. ಗಂಡಿನ ಜನನಾಂಗದ ಚಿತ್ರ ನುಣ್ಣಗೆ, ಹಿಂದೆ ಅಚ್ಚ ಕಪ್ಪು, ನೋಡಲು ಚಂದ. ಬರಹದಲ್ಲಿ "ಪ್ಯಾರಮಿಯರ್ ತುದಿಯಲ್ಲಿ ನಾಲ್ಕು ಸಣ್ಣ ರೋಮ" ಅಂತಿದೆ. ಪ್ಯಾರಮಿಯರ್ ಅಂದರೆ ಆ ಜನನಾಂಗದ ಒಂದು ಭಾಗ. ಚಿತ್ರವನ್ನು 400 ಪರ್ಸೆಂಟ್ ಹಿಗ್ಗಿಸಿದೆ. ತುದಿ ಬೋಳು. ಅಂಚಿನ ಸುತ್ತ ಹಿನ್ನೆಲೆ ಕತ್ತರಿಸುವಾಗ ರೋಮಗಳನ್ನೂ ಸೇರಿಸಿ ಒರೆಸಿಬಿಟ್ಟಿದ್ದರು. ಬೇರೆ ಬೇರೆ ಫೋಕಸ್‌ನ ಫೋಟೊಗಳನ್ನು ಸೇರಿಸಿ (ಸ್ಟ್ಯಾಕ್ ಮಾಡಿ) ತೆಗೆದ ಮೂಲ ಚಿತ್ರ ಕೇಳಿ ತರಿಸಿದೆ. ನಾಲ್ಕೂ ಇದ್ದವು, ಒಂದು ಸ್ವಲ್ಪ ಬಾಗಿತ್ತು. ಇದು ಹಾಗೇ ರಿವ್ಯೂಗೆ ಹೋಗಿದ್ದರೆ "ಲಕ್ಷಣ ಅನುಮಾನಾಸ್ಪದ" ಅಂತ ವಾಪಸ್ ಬರುತ್ತಿತ್ತು, ಎರಡು ಮೂರು ತಿಂಗಳು ಹಾಳು. ನನಗೆ ಹಿಡಿದದ್ದು ಹತ್ತು ನಿಮಿಷ.

ಪ್ಲೇಟ್ ಆದ ಮೇಲೆ ಅಳತೆ ಗೆರೆ. ಆಮೇಲೆ ಹೊಲೊಟೈಪ್ (ಹೊಸ ಹೆಸರಿಗೆ ಆಧಾರವಾದ ಒಂದೇ ಮಾದರಿ) ಯಾವುದು, ಯಾವ ಸಂಗ್ರಹದಲ್ಲಿ ಇಟ್ಟಿದ್ದಾರೆ, ಅದರ ನಂಬರ್ ಏನು. 2000ದಿಂದ ಈಚೆಗೆ ಹೊಲೊಟೈಪ್ ಯಾವುದು, ಯಾವ ಸಂಗ್ರಹಕ್ಕೆ ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಹೊಸ ಪ್ರಭೇದದ ಹೆಸರೇ ನಿಲ್ಲುವುದಿಲ್ಲ. ಆದರೂ ಹತ್ತರಲ್ಲಿ ಮೂರು ಪೇಪರ್‌ನಲ್ಲಿ "ಮುಂದೆ ಇಡಲಾಗುವುದು" ಅಂತಷ್ಟೇ ಇರುತ್ತದೆ. ಎಲ್ಲಿ ಅಂತ ಇರಲ್ಲ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಹೀಗೆ ಸೋಸಿ ಕಳಿಸಿದರೆ ರಿವ್ಯೂವರ್‌ಗೂ ಬೇಸರವಿಲ್ಲ. ಮೊದಲ ವರ್ಷ ಒಂದು ಪೇಪರ್‌ಗೆ ಹತ್ತು ಹದಿನೈದು ಜನರನ್ನು ಕೇಳಿದರೂ ಉತ್ತರ ಬರುತ್ತಿರಲಿಲ್ಲ. ಯಾರಿಗೂ ಆಸಕ್ತಿ ಇಲ್ಲ ಅಂದುಕೊಂಡರೆ, ಅರ್ಧಕ್ಕರ್ಧ ಪತ್ರಗಳು ಸ್ಪ್ಯಾಮ್‌ಗೆ ಹೋಗುತ್ತಿದ್ದವು! ಸರ್ವರ್‌ನಲ್ಲಿ ಎಸ್‌ಪಿಎಫ್, ಡಿಕಿಮ್ (ಪತ್ರ ನಿಜವಾಗಿ ನಮ್ಮದೇ ಎಂದು ತೋರಿಸುವ ವ್ಯವಸ್ಥೆಗಳು) ಸರಿ ಮಾಡಿಸಿದ ಮೇಲೆ ದಾರಿಗೆ ಬಂತು. ಜೊತೆಗೆ ಸಾಫ್ಟ್‌ವೇರಿನ ಸಿದ್ಧ ಪತ್ರ ಬಿಟ್ಟು ನಾನೇ ನಾಲ್ಕು ಸಾಲು ಬರೆಯುತ್ತೇನೆ. ಅದರಲ್ಲಿ ಒಂದೇ ಒಂದು ಪ್ರಶ್ನೆ: "ಇದು ಇಂಥ ಪ್ರಭೇದಕ್ಕಿಂತ ಬೇರೆ ಅಂತ ಚಿತ್ರ 5 ನೋಡಿ ನಿಮಗೆ ಅನಿಸುತ್ತದೆಯೇ?" ಪರಿಣಿತನಿಗೆ ಇಂಥ ಪ್ರಶ್ನೆ ಕಂಡರೆ ಕೈ ಸುಮ್ಮನಿರಲ್ಲ. ಈಗ ಇಬ್ಬರನ್ನು ಕೇಳಿದರೆ ಒಬ್ಬರು ಒಪ್ಪುತ್ತಾರೆ. ಎರಡನೇ ರಿವ್ಯೂವರ್‌ನನ್ನು ಎಲ್ಲಿಂದ ಹಿಡಿಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಸಂಚಿಕೆ ತುಂಬಲಿ ಅಂತ ಕಾಯುವುದನ್ನೂ ಬಿಟ್ಟೆ. ಒಂದು ಪೇಪರ್ ತಯಾರಾದರೆ ಅಂದೇ ಹೊರಗೆ.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಚಿಮ್ಮಂಡೆಗಳ ಪೇಪರ್ ಜೊತೆ ಅವುಗಳ ಕೂಗಿನ ಧ್ವನಿ ಫೈಲ್ ಇಟ್ಟೆವು. ಚೆನ್ನಾಗಿ ನಡೆಯಿತು, ಈಗ ಅದು ಕಡ್ಡಾಯ. ದುಂಬಿಯ ಮೂರು ಆಯಾಮದ ಮಾದರಿ ಮಾಡಲು ಹೋಗಿದ್ದು ಕೆಟ್ಟಿತು. ಹೊಳೆಯುವ ರೆಕ್ಕೆಗವಚದ ಮೇಲೆ ಬೆಳಕು ಜಾರಿ, ಒಂದು ಫೋಟೊಗೂ ಇನ್ನೊಂದಕ್ಕೂ ಹೊಂದಾಣಿಕೆಯೇ ಸಿಗಲ್ಲ. ಪೌಡರ್ ಹಾಕಿ ಅಂದರು ಒಬ್ಬರು. ಹೊಲೊಟೈಪ್‌ಗೆ ಪೌಡರ್? ಡಿಎನ್‌ಎ ಬಾರ್‌ಕೋಡ್ (ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ತುಣುಕು) ಕಡ್ಡಾಯ ಅಂತ ಒಂದು ವರ್ಷ ಹಠ ಹಿಡಿದೆ. ಹಳೇ ಸಂಗ್ರಹದ ಒಣ ಕೀಟಗಳಲ್ಲಿ ಆ ತುಣುಕಿನ 658 ಬೇಸ್ (ಡಿಎನ್‌ಎ ಅಕ್ಷರ) ಪೂರ್ತಿ ಸಿಗುವುದು ಅಪರೂಪ, ಒಳ್ಳೊಳ್ಳೆ ಪೇಪರ್‌ಗಳು ಬೇರೆ ಕಡೆ ಹೋದವು. ನಿಯಮ ತೆಗೆದುಹಾಕಿದೆ. ಅರ್ಧ ಪುಟದ ಟಿಪ್ಪಣಿಗಳನ್ನು, ಅಂದರೆ ಯಾವ ಮರಿಹುಳು ಯಾವ ಗಿಡ ತಿನ್ನುತ್ತದೆ ಎನ್ನುವಂಥದ್ದನ್ನು, ಹಾಕಲು ಶುರು ಮಾಡಿದಾಗ ಮಟ್ಟ ಇಳಿಯುತ್ತದೆ ಎಂದರು. ಎಲ್ಲಕ್ಕಿಂತ ಹೆಚ್ಚು ಡೌನ್‌ಲೋಡ್ ಆಗುವುದು ಅವೇ.

ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲವಲ್ಲ ಎಂದು ಈಗಲೂ ಕೇಳುತ್ತಾರೆ. ಅದು ಲೆಕ್ಕ ಹಿಡಿಯುವುದು ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಸಿಕ್ಕ ಉಲ್ಲೇಖ ಮಾತ್ರ. ಒಂದು ಪತಂಗದ ವಿವರಣೆಯನ್ನು ಜನ ಐವತ್ತು ವರ್ಷ ಆದ ಮೇಲೂ ತೆರೆಯುತ್ತಾರೆ. 2020ರಲ್ಲಿ ಪ್ರಾಣಿ ವರ್ಗೀಕರಣದ ಜೂಟ್ಯಾಕ್ಸಾದಂಥ ದೊಡ್ಡ ಜರ್ನಲ್ಲನ್ನೇ ಸ್ವಂತ ಉಲ್ಲೇಖ ಜಾಸ್ತಿ ಅಂತ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದ ತೆಗೆದರು. ವರ್ಗೀಕರಣದವರು ಗಲಾಟೆ ಎಬ್ಬಿಸಿದ ಮೇಲೆ ವಾಪಸ್ ಸೇರಿಸಿದರು. ಆ ಸಂಖ್ಯೆಯ ಹಿಂದೆ ಓಡಲು ನನಗೆ ಪುರಸೊತ್ತಿಲ್ಲ.

ಟೆಂಪ್ಲೇಟ್ ಬೇಕಾದವರು ಕೇಳಿ, ಕಳಿಸಿಕೊಡುತ್ತೇನೆ. ಪ್ಲೇಟ್ ನೋಡುವ ಪಟ್ಟಿಯನ್ನೂ ಕೊಡುತ್ತೇನೆ. ರಿವ್ಯೂವರ್‌ಗಳ ಪಟ್ಟಿ ಮಾತ್ರ ಕೇಳಬೇಡಿ.