ಲಿಂಕ್-ಡೆಸ್ಟ್ ಜೊತೆ ಇನ್‌ಪ್ಲೇಸ್ ಬೇಡ: ಆರ್‌ಸಿಂಕ್ ಬ್ಯಾಕಪ್, ನನ್ನ ಅನುಭವ

ಶಿವಮೊಗ್ಗದ ಒಂದು ಫೋಟೋ ಸ್ಟುಡಿಯೋಗೆ ನಾನು ಮಾಡಿಕೊಟ್ಟ ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಲಿನಕ್ಸ್ ಕಮಾಂಡ್) ಬ್ಯಾಕಪ್ ಹದಿನಾಲ್ಕು ತಿಂಗಳಿಂದ ಒಂದು ದಿನವೂ ಕೈಕೊಟ್ಟಿಲ್ಲ. "ಹಳೇ ಪಿಸಿಯಲ್ಲಿ ಹಾರ್ಡ್ ಲಿಂಕ್ ಬ್ಯಾಕಪ್ಪಾ? ಆಗಲ್ಲ ಬಿಡಿ, ನ್ಯಾಸ್ ತಗೊಳ್ಳಿ" ಎಂದು ಈ ಕೆಲಸ ಗೊತ್ತಿರುವವರೇ ಹೇಳಿದ್ದರು. ಹಾರ್ಡ್ ಲಿಂಕ್ ಎಂದರೆ ಡಿಸ್ಕ್‌ನಲ್ಲಿರುವ ಒಂದೇ ಫೈಲ್‌ಗೆ ಇನ್ನೊಂದು ಹೆಸರು, ನ್ಯಾಸ್ ಎಂದರೆ ನೆಟ್‌ವರ್ಕ್‌ಗೆ ಹಾಕುವ ಡಿಸ್ಕ್ ಪೆಟ್ಟಿಗೆ. ನ್ಯಾಸ್‌ಗೆ ಬಂದ ಕೊಟೇಶನ್ 60 ಸಾವಿರದ ಮೇಲೆ. ನನಗೆ ಬಿದ್ದದ್ದು 4 ಟಿಬಿಯ ಎರಡು ಡಿಸ್ಕ್‌ನ ದುಡ್ಡು, ಸುಮಾರು 19 ಸಾವಿರ. ಪಿಸಿ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು.

ಸರಿಹೋಗುವ ಮೊದಲು ನಾಲ್ಕು ತಿಂಗಳು ಒದ್ದಾಡಿದ್ದೇನೆ. ಅಷ್ಟೂ ಆಪ್ಶನ್‌ಗಳ ಜಗಳ. ಒಂದೊಂದನ್ನೇ ನೋಡಿದರೆ ಎಲ್ಲ ಸರಿ ಇರುತ್ತವೆ. ಎರಡು ಸೇರಿದ ಕೂಡಲೇ ತಕರಾರು ಶುರು.

ಮೊದಲ ಪೆಟ್ಟು ಲಿಂಕ್-ಡೆಸ್ಟ್‌ನದು. ಬದಲಾಗದ ಫೈಲನ್ನು ಮತ್ತೆ ಕಾಪಿ ಮಾಡದೆ, ಹಿಂದಿನ ದಿನದ ಫೈಲ್‌ಗೆ ಹಾರ್ಡ್ ಲಿಂಕ್ ಮಾಡುವ ಆಪ್ಶನ್ ಅದು. ಹಿಂದಿನ ದಿನದ ಫೋಲ್ಡರ್‌ಗೆ ಚಿಕ್ಕ ಪಾತ್ ಕೊಟ್ಟಿದ್ದೆ. ಅದು ನಾವು ನಿಂತ ಜಾಗದಿಂದ ಲೆಕ್ಕ ಆಗುವುದಿಲ್ಲ, ಡೆಸ್ಟಿನೇಶನ್ ಫೋಲ್ಡರ್‌ನಿಂದ ಆಗುತ್ತದೆ. ಫೋಲ್ಡರ್ ಸಿಗದಿದ್ದರೆ ಆರ್‌ಸಿಂಕ್ ಒಂದು ಸಾಲು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ, ನಿಲ್ಲುವುದಿಲ್ಲ. ಆ ಸಾಲು ಲಾಗ್‌ನಲ್ಲಿ ಹೂತುಹೋಗಿತ್ತು. ದಿನಕ್ಕೆ 180 ಜಿಬಿಯಂತೆ ಪೂರ್ತಿ ಕಾಪಿ ಆಗಿ, ಮೂರು ವಾರದಲ್ಲಿ ಡಿಸ್ಕ್ ತುಂಬಿತು. ಈಗ ಪೂರ್ತಿ ಪಾತ್ ಬಿಟ್ಟು ಬೇರೆ ಕೊಡುವುದಿಲ್ಲ.

ಅದು ಸರಿಯಾದ ಮೇಲೆ ಒಂದು ರಾತ್ರಿ ಮತ್ತೆ 180 ಜಿಬಿ ಏರಿತು. ಯಾರೋ ಸರ್ವರ್‌ನಲ್ಲಿ ಇಡೀ ಫೋಲ್ಡರ್‌ಗೆ ಸಿಎಚ್‌ಮಾಡ್ ಹೊಡೆದು ಪರ್ಮಿಶನ್ ಬದಲಿಸಿದ್ದರು. ಆರ್‌ಸಿಂಕ್‌ಗೆ ಮೈನಸ್ ಎ (ಪರ್ಮಿಶನ್, ಸಮಯ ಎಲ್ಲ ಹಾಗೇ ಉಳಿಸುವ ಆಪ್ಶನ್) ಕೊಟ್ಟಾಗ ಪರ್ಮಿಶನ್ ಕೂಡ ಹೊಂದಬೇಕು. ಇಲ್ಲದಿದ್ದರೆ ಲಿಂಕ್ ಆಗುವುದಿಲ್ಲ, ಹೊಸ ಕಾಪಿಯೇ ಆಗುತ್ತದೆ.

ನಿಜವಾಗಿ ನಿದ್ದೆ ಕೆಡಿಸಿದ್ದು ಇನ್‌ಪ್ಲೇಸ್. ಆಲ್ಬಮ್‌ನ ಪಿಎಸ್‌ಡಿ (ಫೋಟೋಶಾಪ್) ಫೈಲ್‌ಗಳು ಒಂದೊಂದೂ 2 ಜಿಬಿ ಹತ್ತಿರ ಇರುತ್ತವೆ. ತಾತ್ಕಾಲಿಕ ಕಾಪಿ ಯಾಕೆ ಸುಮ್ನೆ ಎಂದು ಇನ್‌ಪ್ಲೇಸ್ ಹಾಕಿದೆ. ರಾತ್ರಿಯ ಜೊತೆಗೆ ಮಧ್ಯಾಹ್ನವೂ ಒಂದು ಸಲ, ಅದೇ ದಿನದ ಫೋಲ್ಡರ್‌ಗೆ ಓಡಿಸುತ್ತಿದ್ದೆ. ಒಂದು ದಿನ ಸ್ಟುಡಿಯೋ ಮಾಲೀಕರು ಫೋನ್ ಮಾಡಿ, "ಏನಪ್ಪಾ, ಶುಕ್ರವಾರದ ಫೈಲ್ ಕೇಳಿದ್ರೆ ಇವತ್ತಿನದೇ ಕೊಟ್ಟಿದ್ದೀಯಲ್ಲ" ಎಂದರು. ಹೋಗಿ ನೋಡಿದರೆ ಶುಕ್ರವಾರ, ಗುರುವಾರ, ಬುಧವಾರ, ಎಲ್ಲದರಲ್ಲೂ ಅದೇ ಹೊಸ ಫೈಲ್. ಇನ್‌ಪ್ಲೇಸ್ ಇಲ್ಲದಾಗ ಆರ್‌ಸಿಂಕ್ ಬೇರೆ ಫೈಲ್ ಬರೆದು ಹೆಸರು ಬದಲಿಸುತ್ತದೆ, ಹಳೇ ಲಿಂಕ್ ಹಾಗೇ ಉಳಿಯುತ್ತದೆ. ಇನ್‌ಪ್ಲೇಸ್ ಇದ್ದರೆ ಇದ್ದ ಫೈಲ್ ಮೇಲೇ ಬರೆಯುತ್ತದೆ. ಆ ಫೈಲ್ ಹಿಂದಿನ ಎಲ್ಲ ದಿನಗಳಿಗೂ ಲಿಂಕ್ ಆಗಿತ್ತು. ಆಲ್ಬಮ್ ಮತ್ತೆ ಡಿಸೈನ್ ಮಾಡಿಸಲು ಎಂಟು ಸಾವಿರ ನನ್ನ ಜೇಬಿನಿಂದ ಕೊಟ್ಟೆ.

ಡ್ರೈ-ರನ್ (ಏನೂ ಬರೆಯದೆ ಸುಮ್ಮನೆ ಓಡಿಸಿ ನೋಡುವ ಆಪ್ಶನ್) ಇದನ್ನು ತೋರಿಸುವುದಿಲ್ಲ. ಅದು ಯಾವ ಫೈಲ್ ಹೋಗುತ್ತದೆ ಎಂದಷ್ಟೇ ಹೇಳುತ್ತದೆ, ಹೇಗೆ ಬರೆಯುತ್ತದೆ ಎಂದು ಹೇಳುವುದಿಲ್ಲ. ಅಂದಿನಿಂದ ನನ್ನ ರೀತಿಯೇ ಬೇರೆ. ಮೂರು ಚಿಕ್ಕ ಫೈಲ್ ಇರುವ ಒಂದು ಫೋಲ್ಡರ್ ಇಟ್ಟುಕೊಂಡಿದ್ದೇನೆ. ಒಂದು ಆಪ್ಶನ್ ಸೇರಿಸಿದರೆ ಅಲ್ಲಿ ಮೂರು ಸಲ ಓಡಿಸುತ್ತೇನೆ. ಏನೂ ಬದಲಿಸದೆ ಒಮ್ಮೆ, ಒಂದು ಫೈಲ್ ತಿದ್ದಿ ಒಮ್ಮೆ, ಇನ್ನೊಂದು ಫೈಲ್ ತಿದ್ದಿ ಅದೇ ದಿನದ ಫೋಲ್ಡರ್‌ಗೆ ಮತ್ತೊಮ್ಮೆ. ಆಮೇಲೆ ಫೈಲ್ ಪಟ್ಟಿ ಕೊಡುವ ಎಲ್‌ಎಸ್‌ಗೆ ಎಲ್, ಐ ಎರಡೂ ಕೊಟ್ಟು ಮೊದಲ ಕಾಲಂನ ಐನೋಡ್ ನಂಬರ್ (ಡಿಸ್ಕ್‌ನಲ್ಲಿ ಆ ಫೈಲ್‌ನ ಗುರುತು) ನೋಡುತ್ತೇನೆ. ತಿದ್ದದ ಫೈಲ್‌ಗೆ ಎರಡೂ ದಿನ ಒಂದೇ ನಂಬರ್ ಇರಬೇಕು, ತಿದ್ದಿದ್ದಕ್ಕೆ ಬೇರೆ ಬೇರೆ. ಹತ್ತು ನಿಮಿಷದ ಕೆಲಸ.

ಇದೇ ರೀತಿ ಬೇರೆ ಕಮಾಂಡ್‌ಗಳನ್ನೂ ಹಿಡಿದು ನೋಡಿದೆ. 60 ದಿನ ದಾಟಿದ್ದನ್ನು ಅಳಿಸಲು ಫೈಲ್ ಹುಡುಕುವ ಫೈಂಡ್ ಕಮಾಂಡ್ ಬರೆದಿದ್ದೆ, ತಿಂಗಳ ಕಾಪಿಗಳನ್ನು ಮುಟ್ಟದಿರಲಿ ಎಂದು ಪ್ರೂನ್ ಹಾಕಿದ್ದೆ. ಪ್ರಿಂಟ್ ಕೊಟ್ಟಾಗ ಪಟ್ಟಿ ಸರಿಯಾಗಿ ಬಂತು. ಆದರೆ ಡಿಲೀಟ್ ಕೊಟ್ಟರೆ ಡೆಪ್ತ್ (ಫೋಲ್ಡರ್‌ಗಿಂತ ಮೊದಲು ಅದರ ಒಳಗಿನದನ್ನು ನೋಡುವ ಆಪ್ಶನ್) ತಾನಾಗಿ ಸೇರಿಕೊಳ್ಳುತ್ತದೆ, ಡೆಪ್ತ್ ಇದ್ದರೆ ಪ್ರೂನ್ ಕೆಲಸ ಮಾಡುವುದಿಲ್ಲ! ನನ್ನಲ್ಲಿದ್ದ ಗ್ನೂ ಫೈಂಡ್ ಎರರ್ ಕೊಟ್ಟು ನಿಂತಿತು, ಬಚಾವಾದೆ. ತಿಂಗಳ ಕಾಪಿಗಳನ್ನು ಬೇರೆ ಕಡೆಗೇ ಸಾಗಿಸಿದೆ. ಫೈಲ್‌ನ ಪಠ್ಯ ತಿದ್ದುವ ಸೆಡ್‌ನಲ್ಲಿ ಐ (ಫೈಲನ್ನೇ ತಿದ್ದು) ಪಕ್ಕ ಎನ್ (ತಾನಾಗಿ ಪ್ರಿಂಟ್ ಮಾಡಬೇಡ) ಅಂಟಿಸಿ ಬರೆದರೆ, ಎನ್ ಎನ್ನುವುದು ಬ್ಯಾಕಪ್ ಫೈಲ್‌ನ ಬಾಲವಾಗುತ್ತದೆ. ಎನ್ ಮೊದಲು, ಐ ಆಮೇಲೆ ಬರೆದರೆ ಸರಿ.

ಎರಡನೇ ಡಿಸ್ಕ್‌ಗೆ ಸಾಗಿಸುವಾಗ ಆರ್‌ಸಿಂಕ್‌ಗೆ ದೊಡ್ಡ ಎಚ್ (ಹಾರ್ಡ್ ಲಿಂಕ್ ಹಾಗೇ ಉಳಿಸುವ ಆಪ್ಶನ್) ಕೊಡಲು ಮರೆಯಬೇಡಿ. ಮೈನಸ್ ಎ ಒಳಗೆ ಅದು ಇಲ್ಲ. ಅದಿಲ್ಲದೆ ಪ್ರತಿ ಲಿಂಕೂ ಒಂದು ಪೂರ್ತಿ ಫೈಲ್ ಆಗುತ್ತದೆ. ಒಂದು ಭಾನುವಾರ ಅದರಲ್ಲೇ ಹೋಯಿತು.

ರಾತ್ರಿ ಬ್ಯಾಕಪ್ ಸರಿಯಾಯಿತಾ ಎಂದು ತಾನೇ ಪರೀಕ್ಷೆ ಮಾಡುವ ಒಂದು ಫೈಲ್ ಇಟ್ಟಿದ್ದೇನೆ. ಅದರ ವಿವರ ಇಲ್ಲಿ ಬರೆಯುವುದಿಲ್ಲ, ನನ್ನ ಸಂಪಾದನೆ ಅದರ ಮೇಲಿದೆ.

ನ್ಯಾಸ್ ತಗೊಳ್ಳಿ ಎಂದಿದ್ದವರು ಹೋದ ತಿಂಗಳು ಸ್ಟುಡಿಯೋಗೆ ಬಂದಿದ್ದರು. ಎಷ್ಟು ಜಾಗ ಹಿಡಿದಿದೆ ಎಂದು ಹೇಳುವ ಡ್ಯೂ ಕಮಾಂಡ್ ಹೊಡೆದು ತೋರಿಸಿದೆ. ಒಂದೊಂದು ಫೋಲ್ಡರ್ ಬೇರೆಯಾಗಿ ಕೇಳಿದರೆ ಪ್ರತಿಯೊಂದೂ 180 ಜಿಬಿಯ ಮೇಲೆ, ಅರವತ್ತನ್ನೂ ಒಟ್ಟಿಗೆ ಕೇಳಿದರೆ 700 ಜಿಬಿ ಆಸುಪಾಸು. ಎರಡು ಸಲ ತಾವೇ ಓಡಿಸಿ ನೋಡಿದರು. ಆಮೇಲೆ ಸ್ಕ್ರಿಪ್ಟ್ ಕೇಳಿದರು.